ವಿಭೂತಿ ಹಚ್ಚಿಕೊಂಡ ಪ್ಲಗ್ಗುಗಳು

ನಮ್ಮ ಓಣಿಯಲ್ಲಿ ಯಾವ ಕೆಲಸವನ್ನೂ ಒಬ್ಬನೇ ಕೆಡಿಸುವುದಿಲ್ಲ. ಕೆಡಿಸಲಿಕ್ಕೂ ನಾಲ್ಕು ಮಂದಿ ಕೂಡಿ ಬರುತ್ತಾರೆ. ಹಿಂಗಾಗಿ ನಗಲಿಕ್ಕೆ ನಾವು ಊರು ಬಿಟ್ಟು ಹೋಗಬೇಕಾದ ಪ್ರಸಂಗ ಎಂದೂ ಬಂದಿಲ್ಲ. ಎಪ್ಪತ್ತರ ದಶಕದ ಒಂದು ದಸರೆಯಲ್ಲಿ ಸಾವಕಾರರ ಪಿಕಪ್ಪಿಗೆ ಮನೆಯಂಗಳದಲ್ಲೇ ಪ್ಲಗ್ಗು ಬದಲಿಸಿದ ಸಂಗತಿ ಹೇಳುತ್ತೇನೆ. ಇದರಲ್ಲಿ ಹನ್ನೆರಡಾಣೆ ಖರೆ. ಉಳಿದ ನಾಲ್ಕಾಣೆ ಅದಕ್ಕಿಂತ ಖರೆ.

೧. ಅವ್ವನ ಹುಕುಂ

ಸಾವಕಾರರು ಅಂದರೆ ನಮ್ಮ ಬಾಜೂಮನೆಯವರು. ಇಂಡಿಯ ಹತ್ತಿರ ಅವರದು ಲಿಂಬೆ ತೋಟ. ಕಾಯಿ ಪೇಟೆಗೆ ಸಾಗಿಸಲಿಕ್ಕೆಂದು ಯಾವುದೋ ಲಿಲಾವಿನಲ್ಲಿ ಸವಾಲು ಕೂಗಿ ಹಳೆಯ ಪಿಕಪ್ ಹಿಡಿದು ತಂದಿದ್ದರು. ಅದು ಸಾವಕಾರರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು. ಅವರ ತಾಯಿಗೆ ಮಾತ್ರ ಅದು ಮನೆಗೆ ಬಂದ ಸವತಿ. ನಾವೆಲ್ಲ ಆ ತಾಯಿಯನ್ನು ಅವ್ವಾರು ಅನ್ನುತ್ತಿದ್ದೆವು.

ಮಹಾನವಮಿ ಹತ್ತಿರ ಬಂದಾಗ ಗಾಡಿ ಕೆಮ್ಮಲಿಕ್ಕೆ ಹತ್ತಿತು. ಫಿಟ್ಟರ್ ಬಂದು ನೋಡಿ, "ನಾಲ್ಕೂ ಪ್ಲಗ್ ಹೋಗ್ಯಾವ್ರಿ, ಹೊಸಾವು ತರ್ರಿ" ಅಂದವನೇ ಹಬ್ಬಕ್ಕೆಂದು ಬಸವನ ಬಾಗೇವಾಡಿಗೆ, ಹೆಂಡತಿಯ ತವರಿಗೆ ನಡೆದುಬಿಟ್ಟ.

ಅವ್ವಾರು ಸಮಯ ಕಾದೇ ಕುಳಿತಿದ್ದರು. "ಸಿಂದಗಿ ದಲಾಲ ದಸರಾ ದಿನ ಖಿಲಾರಿ ಎತ್ತಿನ ಜೋಡಿ ಹೊಡಕೊಂಡ ಬರ್ತಾನ. ಅವ ಬರೂದ್ರಾಗ ನಿನ್ನ ಗಾಡಿ ಚಾಲೂ ಆತಂದ್ರ ಇರಲಿ. ಆಗಲಿಲ್ಲಂದ್ರ ಗಾಡಿ ಅವಗ, ಎತ್ತು ನಮಗ. ಮಾತಂದ್ರ ಮಾತು."

ಸಾವಕಾರರ ಮುಖ ಹಿಂಡಿದ ಲಿಂಬೆಹೋಳಿನಂತಾಯಿತು. ನಾನು ಎದೆ ತಟ್ಟಿ, "ನಾ ಇದ್ದೇನಲ್ರಿ ಸಾವಕಾರ್ರ! ಮನ್ಯಾಗ ಹಾಕೂಣು" ಅಂದೆ.

"ನಿನಗ ಬರ್ತೈತೇನೋ?"

"ಫಿಟ್ಟರ್ ಕೆಲಸ ಮಾಡುವಾಗ ಬಾಜೂಕ ಕುಂತು ಎಷ್ಟ ಚಹಾ ಕುಡದೇನಿ!"

ಅವ್ವಾರು ಪಡಸಾಲೆಯಿಂದಲೇ ಕೂಗಿ ಹೇಳಿದರು: "ಹಂಗಾದ್ರ ದಲಾಲಗ ಎತ್ತಿನ ಕೊಳ್ಳಗಂಟಿನೂ ತರಾಕ ಹೇಳಿ ಕಳಸ್ತೇನಿ."

೨. ಎಮ್ಮೆಯ ಪಾಲು

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬೆಳಗ್ಗೆ ಬಾನೆಟ್ ಎತ್ತಿದೆವು. ಮೂರು ಪ್ಲಗ್ಗು ಸಲೀಸಾಗಿ ಬಂದವು. ನಾಲ್ಕನೆಯದು ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಜಗ್ಗದೆ ಹಠಕ್ಕೆ ಬಿತ್ತು. ಸೀಮೆಎಣ್ಣೆ ಬಿಟ್ಟೆವು, ಬೈದೆವು, ಬೇಡಿಕೊಂಡೆವು. ಊಹೂಂ.

"ಪಾನಾಕ್ಕ ಉದ್ದನ್ನ ಪೈಪ್ ಹಾಕಿ ಜಗ್ಗ್ರಿ, ನಾ ಹಿಂದ ಹಿಡಕೊಂಡಿರ್ತೇನಿ" ಅಂದೆ. ಸಾವಕಾರರು ಹಲ್ಲು ಕಚ್ಚಿ ಜಗ್ಗಿದರು. ಅದೇ ಗಳಿಗೆಗೆ ನನಗೆ ಅಡಿಕೆ ಪೊಟ್ಟಣದ ನೆನಪಾಗಿ ಕೈ ಜೇಬಿಗೆ ಹೋಯಿತು. ಪ್ಲಗ್ಗು ಸಡಿಲಾಯಿತು, ಸಾವಕಾರರು ಹಿಂದಕ್ಕೆ ಹಾರಿದರು. ಬೇವಿನ ಗಿಡದ ಕೆಳಗೆ ಎಮ್ಮೆಯ ಗ್ವಾದಲಿಯಲ್ಲಿ, ಹಸಿ ಮೇವಿನ ಮೇಲೆ ಗಾದಿಗೆ ಕುಳಿತಂತೆ ಕುಳಿತರು. ಎಮ್ಮೆ ಅವರ ಧೋತರದ ಚುಂಗು ಮೂಸಿ ನೋಡಿ ರುಚಿ ಪರೀಕ್ಷೆಗೆ ಇಳಿಯಿತು.

ಸಪ್ಪಳ ಕೇಳಿ ಅವ್ವಾರು ಓಡಿ ಬಂದರು. ಮಗನನ್ನು ನೋಡಿದರು, ಎಮ್ಮೆಯನ್ನು ನೋಡಿದರು.

"ಮನ್ಯಾಗ ಕುರ್ಚಿ ಇರಲಿಲ್ಲೇನೋ? ಅದು ಮುಂಜಾನಿಂದ ಉಪಾಸ ಐತಿ, ಏಳ ಮ್ಯಾಲ!"

೩. ಹಣೆ ಯಾವುದು, ನಾಲಿಗೆ ಯಾವುದು

ಹೊಸ ಪ್ಲಗ್ಗುಗಳನ್ನು ಕಟ್ಟೆಯ ಮೇಲಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಕಟ್ಟೆ ಖಾಲಿ. ದೇವರ ಕೋಣೆಯಲ್ಲಿ ಕುಡುಗೋಲು, ಕೊಡಲಿ, ಕುರುಪಿಗಳ ಸಾಲಿನಲ್ಲಿ ನಮ್ಮ ನಾಲ್ಕು ಪ್ಲಗ್ಗುಗಳೂ ಹೂವು ಏರಿಸಿಕೊಂಡು ಕುಳಿತಿದ್ದವು.

"ಅವ್ವಾರ, ಅವು ಬೇಕ್ರಿ!"

"ಪೂಜಿಗಿ ಕುಂತದ್ದನ್ನ ಎಬಸ್ತಾರೇನೋ ಭಾಡ್ಯಾ? ನಾಳಿ ಮುಂಜಾನಿ ತನಕ ಕೈ ಹಚ್ಚಬ್ಯಾಡ್ರಿ."

ಮರುದಿನ ದಸರೆ. ಪೂಜೆ ಇಳಿಸಿ ಪ್ಲಗ್ಗು ಕೊಟ್ಟರು. ತುದಿಗೆ ಮೂರು ಬೆರಳಿನ ವಿಭೂತಿ ದಪ್ಪಗೆ ಒಣಗಿ ಕೂತಿತ್ತು. ಕಿಡಿ ಹಾರಬೇಕಾದ ಸಂದಿಯೇ ಮುಚ್ಚಿಹೋಗಿತ್ತು. ಒರೆಸಲಿಕ್ಕೆ ಅರಿವೆ ಹಿಡಿದರೆ ಅವ್ವಾರು ಕೈ ತಡೆದರು. "ಹಬ್ಬದ ದಿನ ವಿಭೂತಿ ಅಳಸ್ತೀರೇನೋ?"

ಸಾವಕಾರರು ತಾಯಿಗೆ ಎದುರು ಆಡುವವರಲ್ಲ. ಆ ಕೆಲಸಕ್ಕೆ ನಾನಿದ್ದೆ.

"ಅವ್ವಾರ, ನಾವು ವಿಭೂತಿ ಹಣಿಗಿ ಹಚ್ಕೋತೀವೋ, ನಾಲಿಗಿಗಿ ಹಚ್ಕೋತೀವೋ?"

"ಹಣಿಗಿ."

"ಪ್ಲಗ್ಗಿನ ಹಣಿ ಇಲ್ಲಿ ಮ್ಯಾಲ, ಬಿಳೇದು ಐತಲ್ರಿ, ಅದು. ನೀವು ಹಚ್ಚಿದ್ದು ಅದರ ನಾಲಿಗಿಗಿ. ಪಾಪ, ಹೆಂಗ ಮಾತಾಡಬೇಕ್ರಿ ಅದು?"

ಅವ್ವಾರು ಒಂದು ಪ್ಲಗ್ಗನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಸೆರಗಿನಿಂದ ತಾವೇ ನಾಲ್ಕೂ ಪ್ಲಗ್ಗಿನ ತುದಿ ಒರೆಸಿ, ಬಿಳಿ ಹಣೆಗೆ ಹೊಸದಾಗಿ ವಿಭೂತಿ ಎಳೆದು ನನ್ನ ಕೈಗಿಟ್ಟರು.

"ತಪ್ಪಾತೋ ತಮ್ಮಾ. ನಾಲಿಗಿಗಿ ಹಚ್ಚೂದಿದ್ದರ ಮೊದಲ ನಿನ್ನ ನಾಲಿಗಿಗಿ ಹಚ್ಚಬೇಕಿತ್ತು."

೪. ಕರೆಂಟಿನ ಪರೀಕ್ಷೆ

ಕೂರಿಸುವ ಮೊದಲು ತಂತಿಯಲ್ಲಿ ಕರೆಂಟು ಬರುತ್ತದೋ ಇಲ್ಲವೋ ನೋಡಬೇಕಲ್ಲ. ಸಾವಕಾರರಿಗೆ ಒಂದು ಸಣ್ಣ ಮಜಾ ತೋರಿಸೋಣ ಅನ್ನಿಸಿತು. "ಸಾವಕಾರ್ರ, ನೀವು ಈ ತಂತಿ ತುದಿ ಗಟ್ಟಿ ಹಿಡೀರಿ, ನಾ ಮುಂದ ಎಂಜಿನ್ನಿನ ಹ್ಯಾಂಡಲ್ ತಿರುಗಸ್ತೇನಿ. ಬೆರಳಿಗಿ ಗುಳುಗುಳು ಅಂತೈತಿ, ಅಷ್ಟ."

ಗ್ವಾದಲಿಯಲ್ಲಿ ಕೂತು ಬಂದ ಮನುಷ್ಯ ಶಾಣ್ಯಾ ಆಗಿದ್ದ. "ನಿನಗ ಅನುಭವ ಹೆಚ್ಚಿಗಿ. ನೀ ಹಿಡಿ, ನಾ ತಿರುಗಸ್ತೇನಿ" ಅಂದರು.

ಹಿಂದೆ ಸರಿದರೆ ನನ್ನ ಮರ್ಯಾದೆಯ ಪ್ರಶ್ನೆ. ಹಿಡಿದೆ. ಹ್ಯಾಂಡಲ್ ಒಂದು ಸುತ್ತು ತಿರುಗಿತು. ನಾನು ಮಾಳಿಗೆಯ ಎತ್ತರ ಹಾರಿದ್ದು ನನಗೆ ಚೆನ್ನಾಗಿ ನೆನಪಿದೆ. ಮೊಳಕಾಲೆತ್ತರ ಅಂತ ಓಣಿಯವರು ಅನ್ನುತ್ತಾರೆ. ಅವರು ದೂರ ನಿಂತಿದ್ದರು, ಅವರಿಗೇನು ಗೊತ್ತು. ಕೆಳಗೆ ಬಿದ್ದವನು ಅಂಗಳದ ತುಂಬ ಕುಣಿಯುತ್ತ ಎರಡು ಸುತ್ತು ಬಂದೆ.

ಅವ್ವಾರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಶಾಂತವಾಗಿ ಅಂದರು: "ಗಾಡಿ ಇರಲಿ, ಇವನರ ಚಾಲೂ ಆದ."

೫. ಅರೆಬರೆ ಪೂಜೆ

ನಾಲ್ಕೂ ಪ್ಲಗ್ಗು ಕೂತವು. ಇನ್ನು ತಂತಿ ಸಿಗಿಸಿದರೆ ಮುಗಿಯಿತು. ಯಾವ ತಂತಿ ಯಾವ ಪ್ಲಗ್ಗಿಗೆ ಎಂದು ಗುರುತು ಸಿಗಲಿ ಅಂತ ಬಿಚ್ಚುವಾಗಲೇ ನಾನು ಒಂದಕ್ಕೆ ಅರಿಷಿಣ, ಒಂದಕ್ಕೆ ಕುಂಕುಮ, ಒಂದಕ್ಕೆ ವಿಭೂತಿ ಹಚ್ಚಿ, ಕೊನೆಯದನ್ನು ಬೋಳು ಬಿಟ್ಟಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡಿದ್ದೆ. ಈಗ ನೋಡಿದರೆ ನಾಲ್ಕೂ ತಂತಿಗೆ ಅರಿಷಿಣ, ನಾಲ್ಕಕ್ಕೂ ಕುಂಕುಮ, ನಾಲ್ಕಕ್ಕೂ ವಿಭೂತಿ!

"ಅವ್ವಾರ, ಇದನ್ಯಾರ ಮಾಡಿದ್ರು?"

"ನಾನ ಮಾಡೇನಿ. ಒಂದಕ್ಕ ಬರೇ ಅರಿಷಿಣ, ಒಂದಕ್ಕ ಬರೇ ಕುಂಕುಮ, ಪಾಪ ಒಂದಂತೂ ಬೋಳು. ಹಬ್ಬದ ದಿನ ಹಿಂಗ ಅರೆಬರೆ ಪೂಜಿ ಮಾಡ್ತಾರೇನೋ? ನಿನ್ನೀನ ಎಲ್ಲಾದಕ್ಕೂ ಪೂರಾ ಮಾಡಿ ಇಟ್ಟೇನಿ."

ಸಾವಕಾರರು ಗಾಲಿಗೆ ಒರಗಿ ಕುಸಿದರು. ಅಷ್ಟರಲ್ಲಿ ಊರ ಅಗಸಿ ಬಾಗಿಲಿನಿಂದ ಗೆಜ್ಜೆ ಸಪ್ಪಳ. ಸಿಂದಗಿ ದಲಾಲ ಬಂದೇಬಿಟ್ಟ. ಬಿಳಿ ಖಿಲಾರಿ ಜೋಡಿ, ಕೋಡಿಗೆ ಬಣ್ಣ, ಬೆನ್ನಿಗೆ ಕಸೂತಿಯ ಜೂಲ. ಅವ್ವಾರ ಕಣ್ಣು ಅರಳಿದವು. ಅವರು ಎತ್ತಿಗೆ ಆರತಿ ತರಲು ಒಳಗೆ ಹೋದರು. ಸಾವಕಾರರು ನನ್ನ ಕೈ ಹಿಡಿದು, "ಹೆಂಗರ ಮಾಡಲೇ, ನನ್ನ ಗಾಡಿ ಉಳಸ್ಲೇ" ಅಂದರು.

ದೇವರ ಮೇಲೆ ಭಾರ ಹಾಕಿ ತಂತಿ ಸಿಗಿಸಿದೆ. ಸಾವಕಾರರು ಹ್ಯಾಂಡಲ್ ಹೊಡೆದರು. ಗಾಡಿ ಒಮ್ಮೆ ಉಸಿರು ಎಳೆದುಕೊಂಡು, ಹಿಂದಿನ ಕೊಳವೆಯಿಂದ "ಢಂ!" ಅಂತ ತೋಪು ಹಾರಿಸಿತು. ಗಿಡದ ಕಾಗೆಗಳು ಮುದ್ದೇಬಿಹಾಳದ ದಿಕ್ಕಿಗೆ ಹೋದವು. ಖಿಲಾರಿ ಜೋಡಿ ಹಗ್ಗ ಕಿತ್ತುಕೊಂಡು ದೇವರ ಹಿಪ್ಪರಗಿಯ ದಾರಿ ಹಿಡಿಯಿತು. ದಲಾಲನ ಕೈಯಲ್ಲಿ ಹಗ್ಗದ ತುಂಡಷ್ಟೇ ಉಳಿಯಿತು.

"ಅಯ್ಯಯ್ಯೋ, ನನ್ನ ಎತ್ತ ಹೋದೂ!" ಅಂತ ದಲಾಲ ತಲೆಯ ಮೇಲೆ ಕೈ ಹೊತ್ತ.

ಆ ಗದ್ದಲದಲ್ಲೇ ನಾನು ನಡುವಿನ ಎರಡು ತಂತಿ ಅದಲು ಬದಲು ಮಾಡಿದೆ. ಸಾವಕಾರರು ಮತ್ತೆ ಹ್ಯಾಂಡಲ್ ಹೊಡೆದರು. ಗಾಡಿ ಒಮ್ಮೆ ನಡುಗಿ, ಆಮೇಲೆ ಹೊಸ ಅಳಿಯನಂತೆ ತಣ್ಣಗೆ, ಒಂದೇ ದನಿಯಲ್ಲಿ ಗುಂಯ್‌ಗುಡಲಿಕ್ಕೆ ಹತ್ತಿತು.

ನಾವು ಬಾಯಿ ತೆರೆದು ನಿಂತಿದ್ದಾಗ ಅವ್ವಾರು ಆರತಿ ತಟ್ಟೆ ಕಟ್ಟೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಮುಂದಿನ ಸೀಟಿಗೆ ಹತ್ತಿ ಕುಳಿತರು. "ಏನ ನೋಡ್ತೀರಿ? ಹಬ್ಬದ ದಿನ ಮೂಕ ಜೀವ ದಾರಿ ತಪ್ಪಬಾರದು. ನಡೀರಿ!"

ದಲಾಲನೂ ನಾನೂ ಹಿಂದೆ ಜೋತುಬಿದ್ದೆವು. ಗಾಡಿ ಎಷ್ಟು ಜೋರು ಹೋಯಿತೆಂದರೆ ನಮ್ಮ ಧೂಳು ನಮ್ಮನ್ನು ಮುಟ್ಟಲೇ ಇಲ್ಲ. ಎತ್ತುಗಳು ಒಂದು ತೊಗರಿ ಹೊಲದ ಬದುವಿನಲ್ಲಿ ನಿಂತಿದ್ದವು. ಅವ್ವಾರು ಇಳಿದು, "ಬಾ ನನ್ನಪ್ಪಾ" ಅಂತ ಮೈ ಸವರಿ ಹಿಡಿದುಕೊಂಡರು.

ದಲಾಲನಿಗೆ ಜೀವ ಬಂತು, ಜೊತೆಗೆ ವ್ಯಾಪಾರವೂ ನೆನಪಾಯಿತು. "ನೋಡಿದ್ರಲ್ರಿ ಅವ್ವಾರ, ಎಷ್ಟ ಚುರುಕ ಅದಾವು! ಗಾಡಿ ನನಗ ಕೊಡ್ರಿ, ಇವನ್ನ ಇಲ್ಲಿಂದನ ಹೊಡಕೊಂಡ ಹೋಗ್ರಿ."

ಸಾವಕಾರರು ಸ್ಟಿಯರಿಂಗ್ ಅವಚಿ ಹಿಡಿದರು. ಅವ್ವಾರು ಎತ್ತನ್ನೊಮ್ಮೆ ನೋಡಿದರು, ಗಾಡಿಯನ್ನೊಮ್ಮೆ ನೋಡಿದರು. ಎತ್ತಿನ ಕೊರಳಹಗ್ಗ ದಲಾಲನ ಕೈಗೇ ಇಟ್ಟರು.

"ಬ್ಯಾಡೋ ತಮ್ಮಾ. ನಿನ್ನ ಎತ್ತು ಓಡಿಹೋದ್ರ ಹಿಡಿಯಾಕ ಒಂದು ಗಾಡಿ ಬೇಕಾತು. ನಮ್ಮ ಗಾಡಿ ಹಂಗ ಹೇಳದ ಕೇಳದ ಓಡಿಹೋಗೂದಲ್ಲ. ಅದು ಕೈ ಮುಗದ ಬೇಡಿಕೊಂಡ್ರೂ ಓಡೂದಿಲ್ಲ!"