ಇಪ್ಪತ್ತೇಳು ತತ್ತಿ, ಒಂದು ಬಾಳೆಹಣ್ಣು

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಮುಂಡಗೋಡ ಸಮೀಪದ ಹಳ್ಳಿ ಶಾಲೆಯೊಂದರ ಕಂಪ್ಯೂಟರ್ ಒಂಬತ್ತನೆಯ ತರಗತಿಯ ಪೂರ್ಣಿಮಾಳನ್ನು ಕೇಳಿತು: ನಿನ್ನೆ ಮಧ್ಯಾಹ್ನ ಏನು ತಿಂದಿರಿ?

ತಿಂದದ್ದು ತತ್ತಿ. ಬಿಸಿಯೂಟದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿದ್ದದ್ದು ಬಾಳೆಹಣ್ಣು. ಇಡೀ ತರಗತಿಯಲ್ಲಿ ಬಾಳೆಹಣ್ಣಿನವಳು ಅವಳೊಬ್ಬಳೇ. ಜೂನ್‌ನಿಂದ ಅವಳ ಹಣ್ಣು ಗೆಳತಿ ಜ್ಯೂಲಿಯ ಬಾಯಿಗೂ ಜ್ಯೂಲಿಯ ತತ್ತಿ ಅವಳ ಬಾಯಿಗೂ ಹೋಗುತ್ತಿದ್ದವು.

ಅಜ್ಜಿ ಹೊಳೆವ್ವನಿಗೆ ಇದು ಗೊತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಎಪ್ಪತ್ತೆರಡರ ಹೊಳೆವ್ವ ಮೊದಲೇ ಹೇಳಿದ್ದಳು: "ಈ ಮನಿ ಕೂಸು ತತ್ತಿ ಮುಟ್ಟಿದ ದಿನ ನಾ ಅನ್ನ ಬಿಡ್ತೇನಿ." ಮಗ ಬೀಡಿ ಸೇದಿದ್ದು ಗೊತ್ತಾದಾಗ ಮೂರು ದಿನ ಉಪವಾಸ ಕೂತು ದವಾಖಾನೆ ಸೇರಿದ್ದವಳು ಅವಳು.

"ಖರೇನ ಹೇಳ್ರಿ," ಎಂದರು ಸಮೀಕ್ಷೆಗೆ ಬಂದ ನಿರ್ಮಲಾ ಮೇಡಂ. "ಮಧ್ಯಾಹ್ನ ಪಾಲಕರ ಸಭಾದಾಗ ಓದಿ ಹೇಳ್ತೇವಿ."

ಪೂರ್ಣಿಮಾ ಜ್ಯೂಲಿಯತ್ತ ಬಾಗಿದಳು. ಅಪ್ಪ ಗೋವಿನಜೋಳ ಮಾರಲು ಹಳಿಯಾಳಕ್ಕೆ ಹೋಗಿದ್ದ. ಸಭೆಗೆ ಬರುವವಳು ಅಜ್ಜಿ.

"ಲೇ ಜ್ಯೂಲಿ, ನಾ ಬಾಳೆಹಣ್ಣು ಒತ್ತತೇನಿ. ನೀ ತತ್ತಿ ಒತ್ತು."

"ಮೇಡಂ ಖರೇ ಹೇಳ್ರಿ ಅಂದಾರಲಾ."

"ನಮ್ಮಜ್ಜಿ ಸಾಯ್ತಾಳ ಬೇ."

"ಎಲ್ಲಿ ಸಾಯ್ತಾಳ. ಹೋದ ವಾರ ನಮ್ಮವ್ವನ ಕೂಡ ಒಂದು ತಾಸು ಜಗಳಾಡಿದ್ಲು. ದಣದಾಕಿ ನಮ್ಮವ್ವ."

ಆದರೂ ಜ್ಯೂಲಿ ತತ್ತಿಯ ಚಿತ್ರವನ್ನೇ ಒತ್ತಿದಳು.

ಪಕ್ಕದ ಕಂಪ್ಯೂಟರಿನ ರುಬಿನಾ ಇಣುಕಿದಳು. "ಸುಳ್ಳು ಒತ್ತಿದ್ರ ಅದು ಕೆಂಪಗ ಆಗ್ತೈತಂತ, ಪೂರ್ಣಿ."

ಪೂರ್ಣಿಮಾ ಕಣ್ಣು ಮುಚ್ಚಿ ಬಾಳೆಹಣ್ಣು ಒತ್ತಿದಳು. ಪರದೆ ಕೆಂಪಗಾಗಲಿಲ್ಲ. ಪೇರಲಕ್ಕೂ ಸೇಬಿಗೂ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಿತು: ಸಿಪ್ಪೆ ಸಹಿತವೋ, ಸಿಪ್ಪೆ ತೆಗೆದೋ? ಅಷ್ಟರಲ್ಲಿ ಶಿವಯೋಗಿ ಸರ್ ಬೆನ್ನ ಹಿಂದೆ ಬಂದು ನಿಂತರು. ಬೆಕ್ಕಿನ ನೆರಳು ಕಂಡ ಇಲಿಮರಿಯಂತೆ ಅವಳ ಬೆರಳು ಓಡಿ, ಮೊದಲು ಸಿಕ್ಕಿದ್ದನ್ನು ಒತ್ತಿತು. ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ.

ಮೂರು ಗಂಟೆಗೆ ಹೊಳೆವ್ವ ಮೊದಲ ಸಾಲಿನಲ್ಲಿ ಕೂತಿದ್ದಳು. ಪೂರ್ಣಿಮಾ, ಜ್ಯೂಲಿ ಬಾಗಿಲ ಬಳಿ ನಿಂತಿದ್ದರು.

"ಇದರಾಗ ಯಾರ ಹೆಸರೂ ಇಲ್ಲರಿ," ಎಂದು ಮೇಡಂ ಶುರು ಮಾಡಿದರು. "ತತ್ತಿ ತಿಂದವರು ಇಪ್ಪತ್ತೇಳು. ಬಾಳೆಹಣ್ಣು ಒಬ್ಬರು."

ಜ್ಯೂಲಿ ಪಕ್ಕೆಗೆ ತಿವಿದಳು. "ಇಬ್ಬರೂ ಖರೇ ಒತ್ತಿದ್ರೂ ಅಷ್ಟ ಬರ್ತಿತ್ತು. ಸುಮ್ಮನ ಅಂಜಿದಿ."

ಪೂರ್ಣಿಮಾ ಅಜ್ಜಿಯತ್ತ ನೋಡಿ ನಕ್ಕಳು.

"ಆದ್ರ," ಮೇಡಂ ಕನ್ನಡಕ ಸರಿಮಾಡಿಕೊಂಡರು, "ಆ ಒಬ್ಬರು ಬಾಳೆಹಣ್ಣನ್ನ ಸಿಪ್ಪಿ ಸಹಿತ ತಿಂದಾರ."

ಹೆಸರು ಬೇಕಿರಲಿಲ್ಲ. ಬಾಳೆಹಣ್ಣಿನ ಕೂಸು ಯಾರ ಮನೆಯದೆಂದು ಊರಿಗೇ ಗೊತ್ತಿತ್ತು. ಎಲ್ಲರೂ ಹೊಳೆವ್ವನತ್ತ ತಿರುಗಿದರು.

"ಏನ ಹೊಳೆವ್ವಜ್ಜಿ, ಮನ್ಯಾಗ ಕೂಸಿಗೆ ಉಣ್ಣಾಕ ಹಾಕೂದಿಲ್ಲೇನ?" ಎಂದಳು ನೆರೆಮನೆಯ ಮಹಾದೇವಕ್ಕ. "ಸಿಪ್ಪಿ ಸುದ್ದಾ ಬಿಟ್ಟಿಲ್ಲ."

ಹೊಳೆವ್ವ ಎದ್ದು ನಿಂತಳು. ಮೊಮ್ಮಗಳನ್ನು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ತಪ್ಪು ನಂದ. ಸುಲಿದು ಕೊಡಾವ್ರು ಯಾರೂ ಇಲ್ಲ ಆಕಿಗೆ. ನಾಳಿಂದ ನಾ ಬರ್ತೇನಿ."

ಮರುದಿನ ಒಂದೂವರೆಗೆ ಹೊಳೆವ್ವ ಬಿಸಿಯೂಟದ ಸಾಲಿನಲ್ಲಿ ಪೂರ್ಣಿಮಾ ಮತ್ತು ಜ್ಯೂಲಿಯ ನಡುವೆ ಕೂತು ಬಾಳೆಹಣ್ಣು ಸುಲಿದಳು. ಪೂರ್ಣಿಮಾ ಅದನ್ನು ಪೂರ್ತಿ ತಿಂದಳು. ಜ್ಯೂಲಿಯ ತತ್ತಿಯನ್ನು ಜ್ಯೂಲಿಯೇ ತಿಂದಳು.