ಮನೆ ಸಂಖ್ಯೆ 3ರ ಉಳಿಕೆ ತಿಗಣೆಗಳು

.................. ಇಲಾಖೆ
(ಇಲಾಖೆಯ ಹೆಸರನ್ನು ಅದರ ಮರ್ಯಾದೆಯ ದೃಷ್ಟಿಯಿಂದ ಖಾಲಿ ಬಿಡಲಾಗಿದೆ)
ಜಿಲ್ಲಾ ಕಚೇರಿ, ಚಾಮರಾಜನಗರ

ಸಂಖ್ಯೆ: ಚಾನ/ವಗೃ/ತಿನಿ/3/2001-02
ದಿನಾಂಕ: 17-05-2001

ತಿದ್ದುಪಡಿ ಸುತ್ತೋಲೆ

ವಿಷಯ: ಸಿಬ್ಬಂದಿ ವಸತಿಗೃಹಗಳಲ್ಲಿ ಔಷಧಿ ಸಿಂಪಡಿಸಿದ ನಂತರ ನಿವಾಸಿಗಳೂ ತಿಗಣೆಗಳೂ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ:
(1) ಮೈಸೂರಿನ ಸಿಂಪಡಣೆಯವರು ದಿನಾಂಕ 15-04-2001ರಂದು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನೀಡಿದ ಮೌಖಿಕ ಸೂಚನೆಗಳು (ಅರ್ಧ ಮಾತ್ರ ಕೇಳಿಸಿರುತ್ತದೆ).
(2) ಈ ಕಚೇರಿಯ ದಿನಾಂಕ 02-05-2001ರ ಸುತ್ತೋಲೆ.
(3) ಶ್ರೀಮತಿ ಸುಧಾಮಣಿಯವರು ದಿನಾಂಕ 30-04-2001ರಂದು ಹೊಸಿಲು ದಾಟುವಾಗ ನೀಡಿದ ತಿಳುವಳಿಕೆ.
(4) ಗ್ರೂಪ್ ಡಿ ನೌಕರ ಶ್ರೀ ಮಾರಯ್ಯನವರ ಭೀಮನಬೀಡು ಪ್ರವಾಸ ವರದಿ, ದಿನಾಂಕ 14-05-2001.

ಪ್ರಸ್ತಾವನೆ:

ಈ ಕಚೇರಿಗೆ ಸೇರಿದ ಹನ್ನೆರಡು ವಸತಿಗೃಹಗಳಲ್ಲಿ ತಿಗಣೆ ಕಾಟ ಹೆಚ್ಚಾಗಿ, ನೌಕರರು ಮನೆಯಲ್ಲಿ ಮಾಡಬೇಕಾದ ನಿದ್ರೆಯನ್ನು ಕಚೇರಿಯಲ್ಲಿ ಮಾಡುತ್ತಿರುವುದು ಕಂಡುಬಂದ ಮೇರೆಗೆ, ಮೈಸೂರಿನಿಂದ ಸಿಂಪಡಣೆಯವರನ್ನು ಕರೆಸಿ ಔಷಧಿ ಹೊಡೆಸಲಾಯಿತು. ಹದಿನೈದು ದಿನ ತಾಳ್ಮೆಯಿಂದ ಇರಬೇಕೆಂದು ಅವರು ತಿಳಿಸಿದರು. ಹದಿನೈದನೇ ದಿನಕ್ಕೆ ಹನ್ನೊಂದು ಮನೆಗಳಲ್ಲಿ ತಿಗಣೆ ನಿಂತಿತು. ಮನೆ ಸಂಖ್ಯೆ 3ರಲ್ಲಿ ನಿಲ್ಲಲಿಲ್ಲ. ಅಂದೇ ಸದರಿ ಮನೆಯ ಗೃಹಿಣಿ ಶ್ರೀಮತಿ ಸುಧಾಮಣಿಯವರು ಒಂದು ಟ್ರಂಕ್ ಸಹಿತ ಗುಂಡ್ಲುಪೇಟೆ ತಾಲ್ಲೂಕು ಭೀಮನಬೀಡಿನ ತವರುಮನೆಗೆ ತೆರಳಿದ್ದು, ತಿಗಣೆ ಹೋಗುವವರೆಗೆ ತಾವು ಬರುವುದಿಲ್ಲವೆಂದು ಖಡಾಖಂಡಿತವಾಗಿ ತಿಳಿಸಿರುತ್ತಾರೆ.

ಮನೆ ಸಂಖ್ಯೆ 3ರ ನಿವಾಸಿ ಕಚೇರಿ ಅಧೀಕ್ಷಕರಾದ ಶ್ರೀ ಚಿಕ್ಕಮಲ್ಲಪ್ಪನವರು. ಈ ಸುತ್ತೋಲೆಗೆ ಸಹಿ ಮಾಡುತ್ತಿರುವವರೂ ಅವರೇ. ಇದನ್ನು ಕಾಕತಾಳೀಯವೆಂದು ಪರಿಗಣಿಸತಕ್ಕದ್ದು. ಕಳೆದ ಹದಿನೇಳು ದಿನಗಳಿಂದ ಸದರಿ ಮನೆಯಲ್ಲಿ ಉಪ್ಪಿಟ್ಟಿನ ಹೊರತು ಬೇರೆ ಅಡುಗೆ ಆಗದಿರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಮನೆ ಬಿಕೋ ಎನ್ನುತ್ತಿರುವುದೂ ಗಮನಕ್ಕೆ ಬಂದಿರುತ್ತದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಉಲ್ಲೇಖ (2)ರಲ್ಲಿ "ಉಳಿದ ತಿಗಣೆ ಕಾರ್ಯವನ್ನು ಮೂರು ದಿನಗಳೊಳಗೆ ಮುಗಿಸತಕ್ಕದ್ದು" ಎಂದಿರಬೇಕಾದಲ್ಲಿ "ಉಳಿದ ಗಣತಿ ಕಾರ್ಯವನ್ನು ಮೂರು ದಿನಗಳೊಳಗೆ ಮುಗಿಸತಕ್ಕದ್ದು" ಎಂದು ಮುದ್ರಿತವಾಗಿರುತ್ತದೆ. ಈ ಬಗ್ಗೆ ಬೆರಳಚ್ಚುಗಾರ ಶ್ರೀ ಗಿರೀಶ್ ಅವರಿಂದ ಸಮಜಾಯಿಷಿ ಕೇಳಲಾಗಿ, "ಜನಗಣತಿ ಜನಗಣತಿ ಅಂತ ಮೂರ್ ತಿಂಗ್ಳು ಅದ್ನೇ ಹೊಡ್ದು ಹೊಡ್ದು ಬೆರ್ಳು ತಾನೇ ಅತ್ಲಾಗ್ ಹೋಯ್ತದೆ ಸಾರ್, ನಾನೇನ್ ಮಾಡ್ಲಿ" ಎಂದು ತಿಳಿಸಿರುತ್ತಾರೆ. ಸದರಿ ಬೆರಳುಗಳಿಗೆ ಎಚ್ಚರಿಕೆ ನೀಡಲಾಗಿದೆ.

2. ಮೇಲ್ಕಂಡ ತಪ್ಪಿನ ಪರಿಣಾಮವಾಗಿ ಸಿಬ್ಬಂದಿಯು ಫೆಬ್ರವರಿಯ ಜನಗಣತಿಯಲ್ಲಿ ಮಿಕ್ಕಿದ್ದ ನಮೂನೆಗಳನ್ನು ಹಿಡಿದು ಮನೆಮನೆಗೆ ತೆರಳಿ ತಿಗಣೆಗಳನ್ನು ಎಣಿಸಿರುತ್ತಾರೆ. ಯಾರೊಬ್ಬರೂ "ಇದೇನು, ಯಾಕೆ" ಎಂದು ಕೇಳಿರುವುದಿಲ್ಲ. ಆದೇಶ ಪಾಲನೆಯ ಈ ಗುಣವನ್ನು ಮೆಚ್ಚಲಾಗಿದೆ. ಹನ್ನೊಂದು ಮನೆಗಳ ಲೆಕ್ಕ ಶೂನ್ಯ. ಮನೆ ಸಂಖ್ಯೆ 3ರ ಲೆಕ್ಕ ನಲವತ್ಮೂರು. ಎಣಿಸುವ ವೇಳೆ ಗೋಡೆಯ ಬಿರುಕಿನಲ್ಲಿದ್ದು ಬಾಗಿಲು ತೆರೆಯದವುಗಳನ್ನು "ಮನೆ ಬೀಗ ಹಾಕಿದೆ" ಎಂದು ನಮೂದಿಸಲಾಗಿದೆ.

3. ಔಷಧಿ ಹೊಡೆದ ಮನೆಯನ್ನು ಬಿಟ್ಟು ಓಡಿಹೋಗತಕ್ಕದ್ದಲ್ಲ. ಮನುಷ್ಯರು ಮಲಗಿದ್ದರೆ ಮಾತ್ರ ತಿಗಣೆಯು ಉಸಿರಿನ ಜಾಡು ಹಿಡಿದು ಹೊರಬಂದು, ಔಷಧಿಯ ಮೇಲೆ ನಡೆದು, ಸಾಯುತ್ತದೆ ಎಂದು ಮೈಸೂರಿನವರು ತಿಳಿಸಿರುತ್ತಾರೆ. ಮನುಷ್ಯರೇ ಇಲ್ಲದಿದ್ದಲ್ಲಿ ತಿಂಗಳುಗಟ್ಟಲೆ ಉಪವಾಸ ಇದ್ದುಬಿಡುತ್ತದಂತೆ. ಆದ್ದರಿಂದ ಎಲ್ಲ ನೌಕರರು ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ, ಅದೇ ಮಗ್ಗುಲಿಗೆ ಮಲಗತಕ್ಕದ್ದು. ಇದನ್ನು "ಆಮಿಷ ಕರ್ತವ್ಯ" ಎಂದು ಕರೆಯಲಾಗಿದೆ. ತಮ್ಮ ಬದಲಿಗೆ ನೆಂಟರನ್ನು ಮಲಗಿಸುವುದನ್ನು ನಿಷೇಧಿಸಲಾಗಿದೆ. ಮನೆ ಸಂಖ್ಯೆ 9ರಲ್ಲಿ, ಹರವೆಯಿಂದ ಮಾವಿನಹಣ್ಣು ಹೊತ್ತು ತಂದಿದ್ದ ಮಾವನವರನ್ನು "ಈ ಮಂಚಕ್ಕೆ ಗಾಳಿ ಚೆನ್ನಾಗಿ ಬೀಸ್ತದೆ" ಎಂದು ನಂಬಿಸಿ ಮಲಗಿಸಿದ ಪ್ರಕರಣವನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಮಾವಿನಹಣ್ಣು ಚೆನ್ನಾಗಿತ್ತು.

4. ಹದಿನೈದು ದಿನ ನೆಲ ತೊಳೆಯತಕ್ಕದ್ದಲ್ಲ, ತೊಳೆದರೆ ಔಷಧಿಯೂ ಹೊರಟುಹೋಗುತ್ತದೆ ಎಂಬ ಸೂಚನೆಗೆ ಮನೆ ಸಂಖ್ಯೆ 5ರ ಶ್ರೀಮತಿ ಈರಮ್ಮನವರು ಆಕ್ಷೇಪಣೆ ಸಲ್ಲಿಸಿದ್ದು, ಅದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸ್ವಾಮಾರದ್ ದಿನ ಮನೆ ತೊಳೀದೆ ದೀಪ ಅಚ್ಚಕ್ಕಾದದಾ? ತಿಗ್ಣೆ ಇವತ್ತಿದ್ದು ನಾಳೆ ಓಯ್ತದೆ, ಬೆಟ್ಟದ ಮಾದಪ್ಪ ಎಲ್ಗೂ ಓಗಾಕಿಲ್ಲ." ಆಕ್ಷೇಪಣೆಯನ್ನು ಪರಿಶೀಲಿಸಲಾಗಿ, ಎದುರು ಮಾತನಾಡಲು ಕಚೇರಿಯಲ್ಲಿ ಯಾರಿಗೂ ಧೈರ್ಯ ಸಾಲದೆ ಇರುವುದರಿಂದ, ಗೋಡೆಯಿಂದ ಒಂದು ಅಡಿ ಬಿಟ್ಟು ನಡುಮನೆಯನ್ನು ಮಾತ್ರ ಸಾರಿಸಲು ಅನುಮತಿಸಲಾಗಿದೆ. ಅಡಿಪಟ್ಟಿಯನ್ನು ದಾಸ್ತಾನು ಕೊಠಡಿಯಿಂದ ಪಡೆಯತಕ್ಕದ್ದು.

5. ಸೋಮವಾರ ಜೀವಹಿಂಸೆ ಮಾಡದ ಮನೆಗಳವರು ಅಂದು ಸಿಕ್ಕಿದ ತಿಗಣೆಗಳನ್ನು ಪಕ್ಕದ ಮನೆಯ ಕಾಂಪೌಂಡಿನೊಳಗೆ ಬಿಟ್ಟು ಕೈಮುಗಿಯುತ್ತಿರುವುದು ಕಂಡುಬಂದಿದೆ. ಇನ್ನು ಮುಂದೆ ಅವುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ದಿನಾಂಕ ಬರೆದು, ಮಂಗಳವಾರದವರೆಗೆ ಕಾಯ್ದಿರಿಸತಕ್ಕದ್ದು. ಮಂಗಳವಾರ ಅಮಾವಾಸ್ಯೆ ಬಿದ್ದಲ್ಲಿ ಕಚೇರಿಯ ಮಾರ್ಗದರ್ಶನ ಕೋರತಕ್ಕದ್ದು.

6. ಹಾಸಿಗೆಗಳನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕುವಾಗ ಸೇವಾ ಹಿರಿತನವನ್ನು ಪಾಲಿಸತಕ್ಕದ್ದು. ಹಿರಿಯರ ಹಾಸಿಗೆಗೆ ಹತ್ತು ಗಂಟೆಯ ಬಿಸಿಲು, ಕಿರಿಯರದಕ್ಕೆ ನಾಲ್ಕು ಗಂಟೆಯ ಬಿಸಿಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು, ಹಾಸಿಗೆಗಳು ತಾರಸಿಯ ಮೇಲಿರುವ ಅವಧಿಗೆ ಅಮಾನತಿನಲ್ಲಿಡಲಾಗಿದೆ.

7. ಕಚೇರಿ ವೇಳೆಯಲ್ಲಿ ಕೆರೆದುಕೊಳ್ಳುವುದನ್ನು ಬೆಳಿಗ್ಗೆ 11-00ರಿಂದ 11-05 ಹಾಗೂ ಮಧ್ಯಾಹ್ನ 3-30ರಿಂದ 3-35ಕ್ಕೆ ಮಿತಿಗೊಳಿಸಲಾಗಿದೆ. ಸಾರ್ವಜನಿಕರ ಅರ್ಜಿಯ ಅಂಚಿನಿಂದ ಬೆನ್ನು ಕೆರೆದುಕೊಳ್ಳತಕ್ಕದ್ದಲ್ಲ. ತುರ್ತು ಸಂದರ್ಭದಲ್ಲಿ ಕಡತ ಹುಡುಕುವ ನೆಪದಲ್ಲಿ ದಾಖಲೆ ಕೊಠಡಿಗೆ ತೆರಳಬಹುದು. ಈವರೆಗೆ ಹಾಗೆ ತೆರಳಿದವರಿಂದ 1998ರಿಂದ ಕಳೆದುಹೋಗಿದ್ದ ಎರಡು ಕಡತಗಳು ಸಿಕ್ಕಿರುತ್ತವೆ.

8. ಮನೆ ಸಂಖ್ಯೆ 3ಕ್ಕೆ ದಿನಾಂಕ 06-05-2001ರಂದು ಎರಡನೇ ಬಾರಿ ಔಷಧಿ ಹೊಡೆಸಿದರೂ ತಿಗಣೆ ಮರಳಿ ಕಾಣಿಸಿಕೊಂಡ ಕಾರಣ, ಎಣಿಕೆಯ ನಮೂನೆಗಳನ್ನು ಮತ್ತೆ ತೆಗೆದು ನೋಡಲಾಯಿತು. ಸದರಿ ಮನೆಯನ್ನು ಎಣಿಸಿದವರು ದ್ವಿತೀಯ ದರ್ಜೆ ಸಹಾಯಕಿ ಕುಮಾರಿ ತೇಜಸ್ವಿನಿ. ಇವರು ಯಾವ ಕಲಮನ್ನೂ ಖಾಲಿ ಬಿಡದ ಸ್ವಭಾವದವರು. ಉದ್ಯೋಗ ಎಂಬಲ್ಲಿ "ರಕ್ತ ಹೀರುವುದು, ಪೂರ್ಣಾವಧಿ" ಎಂದೂ, ಸಾಕ್ಷರತೆ ಎಂಬಲ್ಲಿ "ಕಡತಗಳಲ್ಲಿ ವಾಸ, ಓದು ಬರುವ ಬಗ್ಗೆ ಖಚಿತವಿಲ್ಲ" ಎಂದೂ ಬರೆದಿರುತ್ತಾರೆ. "ಹಿಂದಿನ ವಾಸಸ್ಥಳ" ಎಂಬ ಕಲಮು ತುಂಬಲೇಬೇಕಾದ್ದರಿಂದ, ಇವರು ಅಧೀಕ್ಷಕರ ಷರಟಿನ ಕಾಲರಿನಿಂದ ಆರಂಭಿಸಿ ಜಾಡು ಹಿಡಿದು ಹಿಂದೆ ಹಿಂದೆ ಹೋಗಿ, ಕೊನೆಗೆ "ಈ ಕಚೇರಿ, ಅಧೀಕ್ಷಕರ ಬೆತ್ತದ ಕುರ್ಚಿ" ಎಂದು ನಮೂದಿಸಿರುತ್ತಾರೆ. ಎಲ್ಲರ ಮನೆಗೂ ಔಷಧಿ ಹೊಡೆಸಿದ ಕಚೇರಿಯು ಕಚೇರಿಗೇ ಹೊಡೆಸಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎಂಬುದನ್ನು ಒಪ್ಪಿಕೊಳ್ಳಲಾಗಿದೆ.

9. ಸದರಿ ಕುರ್ಚಿಯು 1997ರಲ್ಲಿ ಜಿಲ್ಲೆ ಬೇರೆಯಾದಾಗ ಮೈಸೂರಿನಿಂದ ಪಾಲಿಗೆ ಬಂದದ್ದು. ಕೈಯಿರುವುದು, ಬೆನ್ನೆತ್ತರದ್ದು. ಈ ಕಚೇರಿಯಲ್ಲಿ ಅಂಥದ್ದು ಅದೊಂದೇ. ಅಧೀಕ್ಷಕರು ಅಂಥದೊಂದು ಕುರ್ಚಿಗಾಗಿ ಇಪ್ಪತ್ತೆರಡು ವರ್ಷ ಮರದ ಸ್ಟೂಲಿನ ಮೇಲೆ ಕೂತು ಕಾದವರು. ಆದ್ದರಿಂದ ಅದನ್ನು ಉಳಿಸಿಕೊಳ್ಳಲು ಸಾಧ್ಯವಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳಲಾಯಿತು. ಬೇವಿನಸೊಪ್ಪು ಹಾಸಲಾಯಿತು. ಸೀಮೆಎಣ್ಣೆ ಒರೆಸಲಾಯಿತು, ಅಂದು ಯಾರೂ ಕೋಣೆಯೊಳಗೆ ಬರಲಿಲ್ಲ. ಟರ್ಕಿ ಟವೆಲ್ ಹೊದಿಸಲಾಯಿತು. ತಿಗಣೆಗಳಿಗೆ ಅದು ಇನ್ನೂ ಅನುಕೂಲವಾಯಿತು. ಕುದಿಯುವ ನೀರು ಹೊಯ್ಯಲು ಮಾರಯ್ಯನವರು ಕೆಟಲ್ ತಂದಾಗ, ಬೆತ್ತ ಸಡಿಲವಾದೀತೆಂದು ಅಧೀಕ್ಷಕರೇ ಅಡ್ಡ ನಿಂತಿರುತ್ತಾರೆ.

10. ಸರ್ಕಾರಿ ಕುರ್ಚಿಯಲ್ಲಿ ಹುಟ್ಟಿ ಬೆಳೆದ ತಿಗಣೆಯು ಸರ್ಕಾರಿ ಸ್ವತ್ತೇ ಎಂಬ ಪ್ರಶ್ನೆ ಉದ್ಭವಿಸಿದೆ. ಹೌದಾದಲ್ಲಿ ಅದನ್ನು ಪ್ರತಿದಿನ ಸಂಜೆ ಐದೂವರೆಗೆ ಪೂರ್ವಾನುಮತಿಯಿಲ್ಲದೆ ಮನೆಗೆ ಒಯ್ದದ್ದು ದುರ್ನಡತೆಯಾಗುತ್ತದೆ. ಬೆಳಿಗ್ಗೆ ಕೆಲವನ್ನು ವಾಪಸು ತಂದಿರುವುದನ್ನು ಸಹಾನುಭೂತಿಯಿಂದ ಪರಿಗಣಿಸಬಹುದಾಗಿದೆ.

11. ಸಂಧಾನಕ್ಕಾಗಿ ಮಾರಯ್ಯನವರನ್ನು ಭೀಮನಬೀಡಿಗೆ ಕಳುಹಿಸಲಾಯಿತು. ಅಧೀಕ್ಷಕರ ಅತ್ತೆಯವರಾದ ಶ್ರೀಮತಿ ಗಂಗಾಂಬಿಕೆಯವರು ಮಗಳ ಟ್ರಂಕನ್ನು ಮೂರು ದಿನ ಅಂಗಳದ ಬಿಸಿಲಿನಲ್ಲಿಟ್ಟು, ಸೀರೆಗಳನ್ನೆಲ್ಲ ಹಂಡೆಯಲ್ಲಿ ಕುದಿಸಿದ ನಂತರವೇ ಒಳಗೆ ಸೇರಿಸಿದ್ದಾಗಿ ವರದಿಯಾಗಿದೆ. "ಅಳಿಯಂದ್ರು ಬರ್ಲಿ, ಬ್ಯಾಡ ಅನ್ನಾಕಿಲ್ಲ. ಜಗಲಿ ಮ್ಯಾಲೆ ಕೂತು ಕಾಪಿ ಕುಡ್ಕಂಡು ಓಗ್ಲಿ" ಎಂಬುದು ಅವರ ಅಭಿಪ್ರಾಯ. ಕುರ್ಚಿಯ ವಿಷಯವನ್ನು ಮಾರಯ್ಯನವರು ತಿಳಿಸಿದ ಕೂಡಲೇ ಶ್ರೀಮತಿ ಸುಧಾಮಣಿಯವರು ನೀಡಿದ ಹೇಳಿಕೆ ಹೀಗಿದೆ: "ನೋಡಪ್ಪ ಮಾರಯ್ಯ, ದಿನಾ ಸಂಜೆ ನಿಮ್ ಸಾಯೇಬ್ರು ಅಲ್ಲಿಂದ ಮಡ್ಲು ತುಂಬ್ಕಂಡು ಬತ್ತಿದ್ರು, ನಾನು ಇಲ್ಲಿ ಮನೆ ಗ್ವಾಡೆ ಉಜ್ಜಿ ಉಜ್ಜಿ ಸಾಯ್ತಿದ್ದೆ. ಕುರ್ಚಿ ಬುಡ್ಲಿ, ಅವತ್ತೇ ಬತ್ತೀನಿ. ಕುರ್ಚಿನೋ ನಾನೋ, ಒಂದು ಏಳಕ್ಕೇಳು." ಇದನ್ನು ಹೇಳುವಾಗ ಅವರು ಕಣ್ಣೊರೆಸಿಕೊಂಡರೆಂದೂ, ಹೊಗೆಯಿಂದ ಇರಬಹುದೆಂದೂ ಮಾರಯ್ಯನವರು ವರದಿಯ ಕೊನೆಯಲ್ಲಿ ಸೇರಿಸಿರುತ್ತಾರೆ. ಒಲೆ ಹಚ್ಚಿರಲಿಲ್ಲವೆಂದೂ ಸೇರಿಸಿರುತ್ತಾರೆ.

12. "ಕುರ್ಚಿ ಬಿಡುವುದು" ಎಂಬ ಪದಗುಚ್ಛದ ಅರ್ಥದ ಬಗ್ಗೆ ಕಚೇರಿಯಲ್ಲಿ ಎರಡು ದಿನ ಚರ್ಚಿಸಲಾಯಿತು. ರಾಜೀನಾಮೆಯೇ, ವರ್ಗಾವಣೆಯೇ, ಸ್ವಯಂ ನಿವೃತ್ತಿಯೇ ಎಂಬುದು ಸ್ಪಷ್ಟವಾಗಲಿಲ್ಲ. ಅಷ್ಟರಲ್ಲಿ ಪ್ರಥಮ ದರ್ಜೆ ಸಹಾಯಕರು, ಅಧೀಕ್ಷಕರ ಪ್ರಭಾರವನ್ನು ಅಂದು ಸಂಜೆಯೊಳಗೇ ವಹಿಸಿಕೊಳ್ಳಲು ತಾವು ಸಿದ್ಧರೆಂದು ಅರ್ಜಿ ಸಲ್ಲಿಸಿರುತ್ತಾರೆ. ಸದರಿ ಅರ್ಜಿಯನ್ನು ಬೇವಿನಸೊಪ್ಪಿನ ಜೊತೆ ಇಡಲಾಗಿದೆ. ಹೆಂಡತಿ ಹೇಳಿದ ಮಾತಿಗೆ ಇರುವುದು ಒಂದೇ ಅರ್ಥವೆಂದು ಈರಮ್ಮನವರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದ ನಂತರ ಚರ್ಚೆ ಮುಕ್ತಾಯವಾಯಿತು.

13. ಕುರ್ಚಿಯನ್ನು ನಿಯಮಾನುಸಾರ ವಿಲೇವಾರಿ ಮಾಡಲು ಮೈಸೂರಿಗೆ ಬರೆದು, ಸಮಿತಿ ಬಂದು, ಅದರಲ್ಲಿ ಸರದಿಯಂತೆ ಕೂತು ಪರೀಕ್ಷಿಸಿ ವರದಿ ನೀಡಲು ಕನಿಷ್ಠ ಎರಡು ವರ್ಷ ಬೇಕು. ಅಧೀಕ್ಷಕರಿಗೆ ಉಪ್ಪಿಟ್ಟು ಸಾಕಾಗಿದೆ. ಈ ನಡುವೆ ದಿನಾಂಕ 16-05-2001ರ ಸಂಜೆ ಸದರಿ ಕುರ್ಚಿಯು ಕಚೇರಿಯ ಹಿಂದಿನ ಹೊಂಗೆಮರದ ಬಳಿ ಪೂರ್ತಿ ಸುಟ್ಟ ಸ್ಥಿತಿಯಲ್ಲಿ ಕಂಡುಬಂದಿರುತ್ತದೆ. ಸುಟ್ಟವರು ಯಾರೆಂದು ತಿಳಿದುಬಂದಿಲ್ಲ. "ಬೆಂಕಿಪೊಟ್ಣ ನಂದೇ, ಬೀಡಿಗೆ ಅಂತ ಈಸ್ಕಂಡ್ರು. ಈಸ್ಕಂಡೋರು ಬೀಡಿ ಸೇದಾಕಿಲ್ಲ, ಅಷ್ಟು ಏಳ್ತೀನಿ, ಯಾರು ಅಂತ ಮಾತ್ರ ಕೇಳ್ಬ್ಯಾಡಿ" ಎಂದು ಮಾರಯ್ಯನವರು ಹೇಳಿಕೆ ನೀಡಿರುತ್ತಾರೆ. ಈ ಬಗ್ಗೆ ವಿಚಾರಣೆ ನಡೆಸಲು ಅಧೀಕ್ಷಕರನ್ನೇ ವಿಚಾರಣಾಧಿಕಾರಿಯನ್ನಾಗಿ ನೇಮಿಸಲಾಗಿದೆ. ವರದಿಗೆ ಕಾಲಮಿತಿ ಇರುವುದಿಲ್ಲ.

ಮೇಲ್ಕಂಡ ಸೂಚನೆಗಳನ್ನು ಮೀರಿದ ನೌಕರರನ್ನು ಮನೆ ಸಂಖ್ಯೆ 3ರ ಮಂಚದ ಮೇಲೆ ಒಂದು ವಾರ ಆಮಿಷ ಕರ್ತವ್ಯಕ್ಕೆ ನಿಯೋಜಿಸಲಾಗುವುದು.

ಸಹಿ/-
(ಚಿಕ್ಕಮಲ್ಲಪ್ಪ)
ಕಚೇರಿ ಅಧೀಕ್ಷಕರು
(ಮರದ ಸ್ಟೂಲಿನಿಂದ)

ಪ್ರತಿಗಳು:

1. ಮನೆ ಸಂಖ್ಯೆ 1ರಿಂದ 12ರ ನಿವಾಸಿಗಳಿಗೆ – ಬಾಗಿಲ ಒಳಮೈಗೆ ಅಂಟಿಸಲು. ಹೊರಮೈಗೆ ಅಂಟಿಸಿ ಮಾನ ಕಳೆಯತಕ್ಕದ್ದಲ್ಲ.

2. ಮೈಸೂರಿನ ಸಿಂಪಡಣೆಯವರಿಗೆ – ನಾಳೆಯೇ ಬಂದು ಕಚೇರಿಗೂ ಮನೆ ಸಂಖ್ಯೆ 3ಕ್ಕೂ ಒಟ್ಟಿಗೆ ಹೊಡೆಯಲು. ಈ ಸಲ ಬಟ್ಟೆ ಬಿಚ್ಚಿ ಮಾತನಾಡತಕ್ಕದ್ದು, ಮೂಗಿನದ್ದು ಮಾತ್ರ.

3. ಹರವೆಯ ಮಾವನವರಿಗೆ – ಕ್ಷಮೆಯೊಂದಿಗೆ.

4. ಕುಮಾರಿ ತೇಜಸ್ವಿನಿಯವರ ಸೇವಾ ಪುಸ್ತಕಕ್ಕೆ – ಪ್ರಶಂಸೆಯೊಂದಿಗೆ.

5. ಪ್ರಥಮ ದರ್ಜೆ ಸಹಾಯಕರಿಗೆ – ಅಧೀಕ್ಷಕರು ಇನ್ನೂ ಇದ್ದಾರೆಂಬ ಮಾಹಿತಿಗಾಗಿ.

6. ಕಚೇರಿ ಕಡತಕ್ಕೆ – ಕಡತವನ್ನು ಒಮ್ಮೆ ಕೊಡವಿದ ನಂತರ.

7. ಶ್ರೀಮತಿ ಸುಧಾಮಣಿ, ಭೀಮನಬೀಡು, ಇವರಿಗೆ – ಮಾಹಿತಿ ಹಾಗೂ ಮುಂದಿನ ಕ್ರಮಕ್ಕಾಗಿ. (ಗಿರೀಶ್, ಇಲ್ಲಿಂದ ಮುಂದಿನದು ಈ ಒಂದು ಪ್ರತಿಗೆ ಮಾತ್ರ, ಬೇರೆಯದರಲ್ಲಿ ಹೊಡೆಯಬೇ‌ಡ.) ಸುಧಾ, ಕುರ್ಚಿಗೆ ಬೆಂಕಿ ಇಟ್ಟೋನು ನಾನೇ ಕಣಮ್ಮಿ. ನೀನಿಲ್ದಿರೋ ಮನೇಗೆ ಹೋಗಾಕೆ ಕಾಲೇ ಬರಾಕಿಲ್ಲ. ಭಾನ್ವಾರ ಬೆಳಿಗ್ಗೆ ಬಸ್ಗೆ ಬತ್ತೀನಿ. ಟ್ರಂಕು ಕಟ್ಟಿಟ್ಟಿರು, ನಾನೇ ಹೊತ್ಕತೀನಿ.