ಹದಿನೈದು ಮೀಟರ್ ಕೇಬಲ್

ಗುರುಚರಣ್ ವಿಡಿಯೋ ಆಟದ ಡಬ್ಬಿ ಕೊಟ್ಟ, ಅದನ್ನು ಟೀವಿಗೆ ಸಿಕ್ಕಿಸುವ ಕೇಬಲ್ ಕೊಡಲಿಲ್ಲ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ.

"ಒಂದೇ ದಿನ ಸಾರ್, ನಾಡಿದ್ದು ಬೆಳಿಗ್ಗೆ ಬಂದು ತಗೊಂಡೋಗ್ತೀನಿ" ಎಂದಿದ್ದ ನಿನ್ನೆ, ಆಫೀಸಿನ ಪಕ್ಕದ ಮೇಜಿನವನು. ಇಪ್ಪತ್ತು ವರ್ಷ ಹೆಬ್ಬಾಳದ ಫ್ಲೈಓವರಿನಲ್ಲಿ ಸ್ಕೂಟರ್ ತೆವಳಿಸಿದ ಬದರೀನಾಥನಿಗೆ ಇದ್ದದ್ದು ಒಂದೇ ಆಸೆ: ಆ ಡಬ್ಬಿಯೊಳಗಿನ ಕಾರ್ ರೇಸಿನಲ್ಲಿ ಒಮ್ಮೆಯಾದರೂ ಇನ್ನೂರರ ವೇಗದಲ್ಲಿ ಹೋಗಬೇಕು. ಇವತ್ತು ಆಯುಧಪೂಜೆಯ ರಜೆ. ಇವತ್ತು ಬಿಟ್ಟರೆ ಇಲ್ಲ. ಕೇಬಲ್ ತರಲು ಹೊರಟ.

"ರೀ, ಹೇಗೂ ಹೋಗ್ತಿದೀರ, ಬೂದುಗುಂಬಳಕಾಯಿ ತನ್ನಿ. ಹನ್ನೊಂದೂವರೆಗೆ ಪೂಜೆ" ಎಂದಳು ಹೆಂಡತಿ ಕೃಷ್ಣವೇಣಿ.

ಮೆಟ್ಟಿಲ ಬಳಿ ಮೇಲಿನ ಮನೆಯ ಶಿವಶರಣಪ್ಪ ವಿಷಯ ಕೇಳಿ ಗಂಟುಬಿದ್ದರು. "ಕೇಬಲ್ ಅಂದ್ರೆ ಸುಮ್ನೆ ಅಲ್ಲ ಕಣ್ರೀ! ತುದಿಗೆ ಚಿನ್ನದ ಲೇಪ ಇರ್ಬೇಕು. ಇಲ್ಲಾಂದ್ರೆ ಕಾರೆಲ್ಲಾ ಮಸುಕು ಮಸುಕು. ನಡೀರಿ, ನಾನೂ ಬರ್ತೀನಿ." ಅವರ ಮನೆಯ ಟೀವಿ ಕೆಟ್ಟು ಎರಡು ವರ್ಷವಾಗಿತ್ತು, ಆ ಮಾತು ಬೇರೆ.

ಆರ್.ಟಿ. ನಗರದ ಅಂಗಡಿಯಲ್ಲಿ ಗುಲಾಮ್ ರಸೂಲ್ ಒಂದು ಸಾದಾ ಕೇಬಲ್ ತೆಗೆದಿಟ್ಟ. "ಇದೇ ಸಾಕು ಸಾರ್. ಬಂದ್ರೆ ಚಿತ್ರ ನೀಟಾಗೇ ಬರುತ್ತೆ, ಇಲ್ಲಾಂದ್ರೆ ಬರೋದೇ ಇಲ್ಲ. ಚಿನ್ನ ನೋಡಿ ಟೀವಿ ಮರುಳಾಗಲ್ಲ."

"ಚಿನ್ನದ್ದೇ ಕೊಡಪ್ಪಾ" ಎಂದು ಶಿವಶರಣಪ್ಪ ಪಟ್ಟು ಹಿಡಿದರು.

ಚಿನ್ನದ ತುದಿಯದು ಇದ್ದದ್ದು ಒಂದೇ, ಹದಿನೈದು ಮೀಟರಿನದು. ಬದರೀನಾಥನಿಗೆ ಬೇಕಾದದ್ದು ಒಂದು ಮಾರು. ಆದರೂ ತೆಗೆದುಕೊಂಡ. ಬೇಡ ಅನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ, ಪಾಪ.

ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿ ಬರುತ್ತಿದ್ದರೆ, ದಾರಿಯಲ್ಲಿ ತಮ್ಮ ಮನೆಯ ಗೇಟಿನಲ್ಲಿ ನಿಂತಿದ್ದ ನಾರಾಯಣಮ್ಮ ಎಂಬುವರು ಅಡ್ಡ ಹಾಕಿದರು. "ಕೇಬಲ್‌ನೋರಾ? ಮೂರು ದಿನದಿಂದ ಚಾನೆಲ್ಲೇ ಬರ್ತಿಲ್ಲ, ಬನ್ನಿ ಒಳಗೆ!"

"ಅಯ್ಯೋ, ನಾನು ಕೇಬಲ್‌ನೋನಲ್ಲಮ್ಮ..."

"ನೋಡೇಬಿಡೋಣ ಬನ್ರೀ" ಎಂದು ಶಿವಶರಣಪ್ಪ ಆಗಲೇ ಚಪ್ಪಲಿ ಬಿಟ್ಟಿದ್ದರು.

ಬದರೀನಾಥ ತಾರಸಿ ಹತ್ತಿದ, ನೀರಿನ ಟ್ಯಾಂಕಿನ ಮೇಲೆ ನಿಂತು ಡಿಶ್ ತಿರುಗಿಸಿದ, ಮೊಣಕೈ ತರಚಿಕೊಂಡ. ಕೊನೆಗೆ ನೋಡಿದರೆ ಟೀವಿ ಹಿಂದಿನ ಸೆಟ್‌ಟಾಪ್ ಬಾಕ್ಸಿನ ಸ್ವಿಚ್ಚೇ ಹಾಕಿರಲಿಲ್ಲ. ನಾರಾಯಣಮ್ಮ ಕಾಫಿ ಕೊಟ್ಟರು, ಒಬ್ಬಟ್ಟು ಕೊಟ್ಟರು. ಒಬ್ಬಟ್ಟು ಚೆನ್ನಾಗಿತ್ತು, ಇನ್ನೊಂದು ಹಾಕಿಸಿಕೊಂಡ.

ಮನೆ ಸೇರಿದಾಗ ಒಂದು ಗಂಟೆ. ಕುಂಬಳಕಾಯಿ ಮರೆತೇಹೋಗಿತ್ತು.

"ಹೋಗ್ಲಿ ಬಿಡಿ, ನಿಂಬೆಹಣ್ಣಲ್ಲೇ ಮುಗಿಸ್ದೆ" ಎಂದಳು ಕೃಷ್ಣವೇಣಿ. ದೇವರ ಮುಂದೆ ಮಣೆಯ ಮೇಲೆ ಮಿಕ್ಸಿ, ಈಳಿಗೆಮಣೆ, ಸ್ಕೂಟರ್ ಕೀಲಿ. ಅವುಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿತ್ತು ಆಟದ ಡಬ್ಬಿ.

"ಇದನ್ಯಾಕೆ ಇಟ್ಟೆ ಮಾರಾಯ್ತಿ!"

"ಯಂತ್ರ ಅಲ್ವಾ? ಅದರಲ್ಲೂ ಬೇರೆಯವರದ್ದು. ನಾಳೆ ಬೆಳಿಗ್ಗೆವರೆಗೂ ಮುಟ್ಟಂಗಿಲ್ಲ." ಹೆಗಲ ಮೇಲಿನ ಸುರುಳಿಯನ್ನೂ ಇಳಿಸಿಕೊಂಡು, ಚಿನ್ನದ ತುದಿಗೆ ಕುಂಕುಮವಿಟ್ಟು ಡಬ್ಬಿಯ ಪಕ್ಕ ಇಟ್ಟಳು. ಬದರೀನಾಥನಿಗೆ ಅಳುವೇ ಬಂತು. ಆದರೆ ಊಟಕ್ಕೆ ಪುಳಿಯೋಗರೆ ಇತ್ತು, ಅತ್ತರೆ ಆರಿಹೋಗುತ್ತಿತ್ತು.

ಮರುದಿನ ಏಳಕ್ಕೆಲ್ಲ ಗುರುಚರಣ್ ಹಾಜರು. ಹೂ ಮುಡಿದ ಡಬ್ಬಿ ನೋಡಿ ಅವನ ಕಣ್ಣು ತುಂಬಿತು. "ಪೂಜೆ ಬೇರೆ ಮಾಡಿದೀರಾ ಸಾರ್! ಹೊಸಾ ಕೇಬಲ್ಲೂ ಇದೆ!"

"ಒಟ್ಟಿಗೆ ಪೂಜೆ ಆದದ್ದನ್ನ ಬೇರೆ ಮಾಡ್ಬಾರ್ದಪ್ಪ, ಎರಡೂ ತಗೊಂಡೋಗು" ಎಂದಳು ಕೃಷ್ಣವೇಣಿ.

ಗುರುಚರಣ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡ. "ಆಟ ಹೇಗಿತ್ತು ಸಾರ್?"

ಬದರೀನಾಥ ಪ್ರಸಾದದ ಕಡ್ಲೆಪುರಿಯನ್ನು ಬಾಯಿಗೆ ಹಾಕಿಕೊಂಡು, "ಕೈ ಮುಗಿಯೋ ಹಾಗಿತ್ತು ಕಣಯ್ಯಾ" ಎಂದ.